ಬಳಕೆದಾರರ ಲೆಕ್ಕ ಕೆಡದಂತೆ 3.0 ಹಂಚುವುದು ಹೇಗೆ: ಒಂದು ಪ್ಯಾಕೇಜಿಂಗ್ ಪ್ರಕರಣ

ಮನೆಯ ಆದಾಯ, ಖರ್ಚು ಬರೆದಿಡುವ ಒಂದು ಓಪನ್ ಸೋರ್ಸ್ ಅಪ್ಲಿಕೇಶನ್. ಸಿ++ ಭಾಷೆಯಲ್ಲಿ, ಕಿಟಕಿ-ಗುಂಡಿಗಳನ್ನು ಒದಗಿಸುವ ಕ್ಯೂಟಿ ಲೈಬ್ರರಿ ಬಳಸಿ ಬರೆದದ್ದು. ಬಳಕೆದಾರರ ಲೆಕ್ಕವೆಲ್ಲ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನ ಒಂದೇ ಕಡತದಲ್ಲಿರುತ್ತದೆ. ಸ್ಥಿರ ಆವೃತ್ತಿ 2.4 ಡಿಸ್ಟ್ರೊಗಳ (ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳ) ರೆಪೊಸಿಟರಿಯಲ್ಲೇ, ಅಂದರೆ ಪ್ಯಾಕೇಜ್ ಭಂಡಾರದಲ್ಲೇ ಸಿಗುತ್ತದೆ, 3.0 ಇನ್ನೂ ತಯಾರಾಗುತ್ತಿದೆ. ಟರ್ಮಿನಲ್ ಮುಟ್ಟದ ಜನರೂ 3.0 ಬಳಸಿ ನೋಡಲಿ, ದೋಷ ಕಂಡರೆ ತಿಳಿಸಲಿ ಎಂಬುದು ತಂಡದ ಆಸೆ. ಅದಕ್ಕಾಗಿ ತಂಡವೇ ಒಂದು ಏಪಿಟಿ (ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜ್ ತರಿಸುವ ಉಪಕರಣ) ರೆಪೊಸಿಟರಿ ತೆರೆದು, ಕೋಡಿನ ಮುಖ್ಯ ಬ್ರಾಂಚಿನಿಂದ ದಿನಕ್ಕೊಂದು ಡೆಬ್ ಪ್ಯಾಕೇಜ್ ಕಟ್ಟಿ ಹಾಕತೊಡಗಿತು.

ಅಪ್ಲಿಕೇಶನ್ ಅನ್ನು ಇಲ್ಲಿ ‘ಜಮಾಖರ್ಚು’ ಎಂದು ಕರೆದಿದೆ. ಅದು ಈ ಬರಹಕ್ಕಾಗಿ ಇಟ್ಟ ಹೆಸರು. ಬೇರೆ ಬೇರೆ ಪ್ರಾಜೆಕ್ಟ್‌ಗಳಲ್ಲಿ ಬಿಡಿಬಿಡಿಯಾಗಿ ಎದುರಾಗುವ ತೊಂದರೆಗಳನ್ನು ಒಂದು ಮಾದರಿ ಪ್ರಕರಣವಾಗಿ ಪೋಣಿಸಿದೆ. ಉಪಕರಣಗಳ ವರ್ತನೆ, ಡಿಸ್ಟ್ರೊಗಳ ಆವೃತ್ತಿ ಸಂಖ್ಯೆಗಳು ಮಾತ್ರ ಇರುವಂತೆಯೇ ಇವೆ.

ಮೊದಲ ಪ್ಯಾಕೇಜ್‌ನಲ್ಲಿ ಮೂರು ತಪ್ಪುಗಳಿದ್ದವು. ಹೆಸರು ‘ಜಮಾಖರ್ಚು’ ಎಂದೇ ಇತ್ತು, ಅಂದರೆ ಡಿಸ್ಟ್ರೊ ಪ್ಯಾಕೇಜ್‌ನದೇ ಹೆಸರು. ಆವೃತ್ತಿ ಸಂಖ್ಯೆ ‘3.0-ಗಿಟ್20250110’ ಎಂದಿತ್ತು (ಗಿಟ್ ಎಂದರೆ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಉಪಕರಣ, ಅದರ ನಂತರದ್ದು ದಿನಾಂಕ). ಬೇಕಾದ ಹೊಸ ಕ್ಯೂಟಿ ಲೈಬ್ರರಿಗಳೂ ಅದೇ ರೆಪೊಸಿಟರಿಯಲ್ಲಿ, ಡಿಸ್ಟ್ರೊ ಕೊಟ್ಟ ಹೆಸರುಗಳಲ್ಲೇ ಇದ್ದವು. ಮೂರೂ ಮೇಲ್ನೋಟಕ್ಕೆ ಸಹಜವೆನಿಸುವ ನಿರ್ಧಾರಗಳೇ. ಆದರೆ ಮೂರೂ ಸೇರಿ, ಬಳಕೆದಾರರು 2.4ಕ್ಕೆ ಮರಳುವ ದಾರಿಯನ್ನೇ ಮುಚ್ಚಿಬಿಟ್ಟವು.

ಆವೃತ್ತಿ ಸಂಖ್ಯೆ ಎಲ್ಲಿ ಸಿಕ್ಕಿಹಾಕಿಸಿತು

ಡೆಬಿಯನ್ ಪದ್ಧತಿಯಲ್ಲಿ ಆವೃತ್ತಿಯ ಕೊನೆಯ ಹೈಫನ್ನಿನ ಹಿಂದಿನದು ಮೂಲ ತಂತ್ರಾಂಶದ ಸಂಖ್ಯೆ, ಮುಂದಿನದು ಪ್ಯಾಕೇಜ್ ಪರಿಷ್ಕರಣೆಯ ಸಂಖ್ಯೆ. ‘3.0-ಗಿಟ್20250110’ ಎಂದು ಬರೆದರೆ ಡಿಪಿಕೆಜಿ (ಡೆಬ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಉಪಕರಣ) ಅದನ್ನು "3.0 ಬಿಡುಗಡೆಯಾಗಿದೆ, ಅದರ ಪರಿಷ್ಕರಣೆ ಗಿಟ್20250110" ಎಂದು ಓದುತ್ತದೆ. ಮುಂದೆ ನಿಜವಾದ 3.0 ‘3.0-1’ ಎಂದು ಬಂದಾಗ ಎರಡನ್ನೂ ಹೋಲಿಸುತ್ತದೆ. ಹೋಲಿಕೆಯಲ್ಲಿ ಅಕ್ಷರದಿಂದ ಶುರುವಾಗುವ ತುಂಡು ಅಂಕಿಯಿಂದ ಶುರುವಾಗುವುದಕ್ಕಿಂತ ದೊಡ್ಡದು. ಹಾಗಾಗಿ ಅರೆಬೆಂದ ಬಿಲ್ಡ್ ಗೆಲ್ಲುತ್ತದೆ, ಬಿಡುಗಡೆಯಾದ 3.0 ಸೋಲುತ್ತದೆ. ಅಪ್‌ಡೇಟ್ ಮಾಡಿದವರಿಗೆ "ಎಲ್ಲವೂ ಇತ್ತೀಚಿನದೇ" ಎಂಬ ಉತ್ತರ ಸಿಗುತ್ತದೆ, ಅವರು ತಿಂಗಳುಗಟ್ಟಲೆ ಹಳೆಯ ಬಿಲ್ಡ್‌ನಲ್ಲೇ ಉಳಿಯುತ್ತಾರೆ. ದೋಷದ ಸಂದೇಶ ಎಲ್ಲೂ ಕಾಣದ ಕಾರಣ ಇದು ಬೇಗ ಬೆಳಕಿಗೆ ಬರುವುದಿಲ್ಲ.

ಇದಕ್ಕೆ ಇರುವ ಚಿಹ್ನೆ ಟಿಲ್ಡೆ. ಡಿಪಿಕೆಜಿಯಲ್ಲಿ ~ ಚಿಹ್ನೆ ಏನೂ ಇಲ್ಲದ ಜಾಗಕ್ಕಿಂತಲೂ ಚಿಕ್ಕದು. ‘3.0~ಗಿಟ್20250110-1’ ಎಂದರೆ 2.4ಕ್ಕಿಂತ ದೊಡ್ಡದು, 3.0ಕ್ಕಿಂತ ಚಿಕ್ಕದು, ಬೇಕಾದದ್ದು ಅದೇ. ಫೆಡೋರಾದಂಥ ಡಿಸ್ಟ್ರೊಗಳ ಆರ್‌ಪಿಎಂ ಕೂಡ ಟಿಲ್ಡೆಯನ್ನು ಇದೇ ಅರ್ಥದಲ್ಲಿ ಓದುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಎರಡನೆಯ ಗುಂಡಿ ಇದೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ‘ಬೀಟಾ’ದ ಮೊದಲಕ್ಷರ ‘ಗಿಟ್’ಗಿಂತ ಮುಂಚೆ ಬರುತ್ತದೆ, ‘ಆರ್‌ಸಿ’ಯದು (ಬಿಡುಗಡೆಗೆ ಮುನ್ನ ಬರುವ ಕೊನೆಯ ಪರೀಕ್ಷಾ ಆವೃತ್ತಿ) ಆಮೇಲೆ. ಹಾಗಾಗಿ ಜನವರಿಯ ‘3.0~ಗಿಟ್20250110’ ಹಾಕಿಕೊಂಡವರಿಗೆ ಮಾರ್ಚ್‌ನ ‘3.0~ಬೀಟಾ1’ ಹಳೆಯದಾಗಿ ಕಾಣುತ್ತದೆ, ಅವರಿಗೆ ಬೀಟಾ ತಲುಪುವುದೇ ಇಲ್ಲ. ತದ್ವಿರುದ್ಧವಾಗಿ ‘3.0~ಆರ್‌ಸಿ1’ ಹಾಕಿಕೊಂಡವರಿಗೆ ಅದರ ನಂತರದ ಯಾವ ಗಿಟ್ ಬಿಲ್ಡೂ ಸಿಗುವುದಿಲ್ಲ. ಬೀಟಾ ಬರುವ ಮೊದಲಿನ ಬಿಲ್ಡ್‌ಗಳಿಗೆ ‘3.0~ಆಲ್ಫಾ0+ಗಿಟ್20250110’, ಮೊದಲ ಬೀಟಾ ಆದಮೇಲಿನವಕ್ಕೆ ‘3.0~ಬೀಟಾ1+ಗಿಟ್20250322’ ಎಂದು ಬರೆದರೆ ಸಾಲು ಕೆಡುವುದಿಲ್ಲ. ಆಲ್ಫಾ, ಬೀಟಾ, ಆರ್‌ಸಿ ಮೂರೂ ಅಕಾರಾದಿಯಲ್ಲೇ ಸರಿಯಾದ ಕ್ರಮದಲ್ಲಿರುವುದು ಇಲ್ಲಿ ಅನುಕೂಲ.

ಕಮಿಟ್ ಹ್ಯಾಶ್ (ಕೋಡಿನ ಪ್ರತಿ ಬದಲಾವಣೆಗೂ ಗಿಟ್ ಕೊಡುವ ಗುರುತು) ಅನ್ನು ಆವೃತ್ತಿಯೊಳಗೆ ಸೇರಿಸಬಹುದು, ಆದರೆ ದಿನಾಂಕದ ನಂತರವೇ ಇರಬೇಕು. ಹ್ಯಾಶ್‌ಗೆ ಕ್ರಮವಿಲ್ಲ. ಒಂದೇ ದಿನ ಎರಡು ಬಿಲ್ಡ್ ಹೊರಟರೆ ಯಾವುದು ಹೊಸದೆಂದು ಹ್ಯಾಶ್ ಹೇಳಲಾರದು. ದಿನಾಂಕದ ನಂತರ ಒಂದು ಕ್ರಮಸಂಖ್ಯೆ ಇಟ್ಟು, ಆಮೇಲೆ ಹ್ಯಾಶ್ ಬರೆಯಬೇಕು. ರೆಪೊಸಿಟರಿಗೆ ಏರಿಸುವ ಮೊದಲು ಡಿಪಿಕೆಜಿಯ ‘ಕಂಪೇರ್-ವರ್ಶನ್ಸ್’ ಆಯ್ಕೆಯಿಂದ ಮೂರು ಹೋಲಿಕೆ ನೋಡಿಬಿಡಬೇಕು: ಡಿಸ್ಟ್ರೊದಲ್ಲಿರುವ ಆವೃತ್ತಿ, ನಿನ್ನೆಯ ಬಿಲ್ಡ್, ಮುಂದೆ ಬರಲಿರುವ ಬಿಡುಗಡೆ. ಅರ್ಧ ನಿಮಿಷದ ಕೆಲಸ.

ಆಗಲೇ ಹಂಚಿಹೋದ ತಪ್ಪು ಸಂಖ್ಯೆಯನ್ನು ‘ಎಪೋಕ್’ನಿಂದ ಸರಿಪಡಿಸೋಣ ಎಂಬ ಯೋಚನೆ ಬಂತು. ಆವೃತ್ತಿಯ ಆರಂಭದಲ್ಲಿ ‘1:’ ಸೇರಿಸಿದರೆ ಅದು ಎಲ್ಲ ಹಳೆಯ ಸಂಖ್ಯೆಗಳನ್ನೂ ಮೀರಿಸುತ್ತದೆ. ಹೊರಗಿನ ರೆಪೊಸಿಟರಿಯಲ್ಲಿ ಇದನ್ನು ಮಾಡಲೇಬಾರದು. ಡಿಸ್ಟ್ರೊದವರ ಪ್ಯಾಕೇಜ್‌ಗೆ ಎಪೋಕ್ ಇಲ್ಲದಿದ್ದರೆ ಅದು ಎಂದೆಂದಿಗೂ ನಮ್ಮದಕ್ಕಿಂತ ಚಿಕ್ಕದಾಗಿಯೇ ಉಳಿಯುತ್ತದೆ. ನಮ್ಮ ರೆಪೊಸಿಟರಿ ನಿಂತುಹೋದ ಮೇಲೂ ಬಳಕೆದಾರರು ಡಿಸ್ಟ್ರೊದ ಭದ್ರತಾ ಅಪ್‌ಡೇಟ್‌ಗೆ ಮರಳಲಾರರು.

ಲೆಕ್ಕದ ಕಡತ

ಎಲ್ಲಕ್ಕಿಂತ ದೊಡ್ಡ ಹಾನಿಯಾದದ್ದು ಇಲ್ಲಿ. 2.4ರಲ್ಲಿ ಮೊತ್ತಗಳನ್ನು ದಶಮಾಂಶ ಸಂಖ್ಯೆಗಳಾಗಿ ಇಡಲಾಗುತ್ತಿತ್ತು: 150.50. ದಶಮಾಂಶದ ಕೂಡಿಕೆಯಲ್ಲಿ ಸಣ್ಣ ತಪ್ಪುಗಳು ಸೇರುತ್ತಾ ಹೋಗುತ್ತವೆಂದು 3.0ರಲ್ಲಿ ಪೂರ್ಣಾಂಕಕ್ಕೆ ಬದಲಿಸಿದರು: 15050. ತಾಂತ್ರಿಕವಾಗಿ ಸರಿಯಾದ ನಿರ್ಧಾರ. 3.0 ಮೊದಲ ಸಲ ತೆರೆದಾಗ ಕಡತದ ರೂಪವನ್ನು ಗುರುತಿಸಲು ಅದರೊಳಗಿರುವ ‘ಯೂಸರ್-ವರ್ಶನ್’ ಸಂಖ್ಯೆ 7 ಎಂದು ನೋಡಿ, ಇಡೀ ಕೋಷ್ಟಕವನ್ನು ಪರಿವರ್ತಿಸಿ, ಸಂಖ್ಯೆಯನ್ನು 8 ಮಾಡುತ್ತಿತ್ತು. ಅದೇ ಕಡತದಲ್ಲಿ, ಅದೇ ಹೆಸರಿನಲ್ಲಿ, ಕೇಳದೆ.

ಈಗ ಒಬ್ಬ ಬಳಕೆದಾರರು 3.0 ಸರಿಯಾಗಿ ನಡೆಯುತ್ತಿಲ್ಲವೆಂದು ತೆಗೆದು 2.4 ಹಾಕಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. 2.4 ಕಡತದ ಸಂಖ್ಯೆ 7ಕ್ಕಿಂತ ಕಡಿಮೆಯಿದೆಯೇ ಎಂದಷ್ಟೇ ನೋಡುತ್ತದೆ. ಹೆಚ್ಚಿದ್ದರೆ ಏನು ಮಾಡಬೇಕೆಂದು ಅದಕ್ಕೆ ಯಾರೂ ಕಲಿಸಿಲ್ಲ. ಕಡತ ತೆರೆಯುತ್ತದೆ. 150.50ರ ಖರ್ಚು 15050 ಎಂದು ಕಾಣುತ್ತದೆ, ವರ್ಷದ ಲೆಕ್ಕವೆಲ್ಲ ನೂರು ಪಟ್ಟು ಉಬ್ಬಿರುತ್ತದೆ. ಏನೋ ತೋರಿಕೆಯ ತಪ್ಪಿರಬೇಕೆಂದು ಅವರು ಆ ದಿನದ ಖರ್ಚು 200 ಮತ್ತು 150.50 ಎರಡನ್ನೂ ಬರೆದು ಉಳಿಸುತ್ತಾರೆ. ಕಾಲಂ ಪೂರ್ಣಾಂಕದ್ದೆಂದು ಘೋಷಿಸಿದ್ದರೂ ಎಸ್‌ಕ್ಯೂಲೈಟ್ 150.5 ಅನ್ನು ತಕರಾರಿಲ್ಲದೆ ದಶಮಾಂಶವಾಗಿಯೇ ಇಟ್ಟುಕೊಳ್ಳುತ್ತದೆ. 200.0 ಅನ್ನು ಮಾತ್ರ ಪೂರ್ಣಾಂಕ 200 ಮಾಡಿ ಇಡುತ್ತದೆ. ಇನ್ನು ಆ 200 ಎಂದರೆ ಹಳೆಯ ಲೆಕ್ಕದ ಇನ್ನೂರೋ, ಹೊಸ ಲೆಕ್ಕದ ಎರಡೋ ಎಂದು ಯಾವ ಸ್ಕ್ರಿಪ್ಟೂ ಹೇಳಲಾರದು. 150.5ರಂಥ ಸಾಲುಗಳನ್ನು ಹುಡುಕಿ ಸರಿಪಡಿಸಬಹುದು, 200ರಂಥವನ್ನು ಮನುಷ್ಯರೇ ಒಂದೊಂದಾಗಿ ನೋಡಬೇಕು.

ಇದನ್ನು ಅಪ್ಲಿಕೇಶನ್‌ನ ದೋಷ, ಪ್ಯಾಕೇಜ್‌ನದಲ್ಲ ಎಂದು ತಳ್ಳಿಹಾಕುವುದು ಸುಲಭ. ಅದು ತಪ್ಪೆಂದೇ ನಮ್ಮ ಅಭಿಪ್ರಾಯ. ಅಭಿವೃದ್ಧಿಯಲ್ಲಿರುವ ತಂತ್ರಾಂಶ ಕಡತದ ರೂಪ ಬದಲಿಸುವುದು ನಿರೀಕ್ಷಿತ. ಅದಕ್ಕೆಂದೇ ಅದು ಅಭಿವೃದ್ಧಿಯಲ್ಲಿದೆ. ಸಾಮಾನ್ಯರ ನಿಜವಾದ ಕಡತ ಅದರ ಕೈಗೆ ಸಿಗುವಂತೆ ಮಾಡಿದ್ದು ಪ್ಯಾಕೇಜ್. ಹೆಸರು ಒಂದೇ ಆದ್ದರಿಂದ ಕ್ಯೂಟಿ ಹುಡುಕುವ ಡೇಟಾ ಫೋಲ್ಡರೂ ಒಂದೇ ಆಯಿತು.

2.4.1 ಎಂಬ ಸಣ್ಣ ತಿದ್ದುಪಡಿ ಹೊರಡಿಸಿ, 7ಕ್ಕಿಂತ ಹೆಚ್ಚಿನ ಸಂಖ್ಯೆ ಕಂಡರೆ ಕಡತ ತೆರೆಯದಂತೆ ಮಾಡುವುದು ಒಳ್ಳೆಯದೇ. ಆದರೆ ಸ್ಥಿರ ಡಿಸ್ಟ್ರೊಗಳಿಗೆ ಅದು ತಲುಪುವುದು ನಿಧಾನ, ಕೆಲವಕ್ಕೆ ತಲುಪುವುದೇ ಇಲ್ಲ. ಆದ್ದರಿಂದ 3.0ರಲ್ಲೇ ಬದಲಾವಣೆ ಬೇಕು: ಹಳೆಯ ಕಡತವನ್ನು ಓದಿ, ಬೇರೆ ಹೆಸರಿನ ಹೊಸ ಕಡತಕ್ಕೆ ಬರೆಯಬೇಕು. ನಕಲು ಮಾಡುವಾಗ ಒಂದು ಎಚ್ಚರ. ಎಸ್‌ಕ್ಯೂಲೈಟ್ ‘ವಾಲ್’ (ಬದಲಾವಣೆಗಳನ್ನು ಮೊದಲು ಬೇರೆ ಕಡತಕ್ಕೆ ಬರೆಯುವ) ಕ್ರಮದಲ್ಲಿದ್ದರೆ ಇತ್ತೀಚಿನ ದಾಖಲೆಗಳು ಮುಖ್ಯ ಕಡತದಲ್ಲಿರದೆ ಪಕ್ಕದ ‘-ವಾಲ್’ ಕಡತದಲ್ಲಿರಬಹುದು. ಅಪ್ಲಿಕೇಶನ್ ಸರಿಯಾಗಿ ಮುಚ್ಚಿದ್ದರೆ ಅವು ಮುಖ್ಯ ಕಡತಕ್ಕೆ ಸೇರಿರುತ್ತವೆ, ಕ್ರ್ಯಾಶ್ ಆಗಿದ್ದರೆ ಇಲ್ಲ. ಮುಖ್ಯ ಕಡತವನ್ನಷ್ಟೇ ನಕಲಿಸಿದರೆ ಕೊನೆಯ ದಿನಗಳ ಲೆಕ್ಕ ಮಾಯ. 2.4 ಮುಚ್ಚಿರುವಾಗ ಎರಡನ್ನೂ ಜೊತೆಯಾಗಿ ನಕಲಿಸಬೇಕು, ಇಲ್ಲವೇ ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಸೌಲಭ್ಯ ಬಳಸಬೇಕು.

ಲೈಬ್ರರಿ

3.0ಕ್ಕೆ ಕ್ಯೂಟಿ 6.5 ಬೇಕು. ಉಬುಂಟು 22.04ರಲ್ಲಿರುವುದು 6.2.4, ಉಬುಂಟು 24.04 ಮತ್ತು ಡೆಬಿಯನ್ 12ರಲ್ಲಿ 6.4.2. ತಂಡ 6.5 ಅನ್ನು ಕಟ್ಟಿ, ಡಿಸ್ಟ್ರೊ ಪ್ಯಾಕೇಜ್‌ಗಳ ಹೆಸರಿನಲ್ಲೇ ರೆಪೊಸಿಟರಿಗೆ ಹಾಕಿತು. ಪರಿಣಾಮವಾಗಿ ಒಂದು ಲೆಕ್ಕದ ಅಪ್ಲಿಕೇಶನ್ ಬೇಕೆಂದವರ ಯಂತ್ರದಲ್ಲಿ ಎಲ್ಲ ಕ್ಯೂಟಿ 6 ಅಪ್ಲಿಕೇಶನ್‌ಗಳ ಕಾಲಕೆಳಗಿನ ನೆಲವೇ ಬದಲಾಯಿತು. ಕ್ಯೂಟಿಯ ಖಾಸಗಿ ಎಬಿಐ (ಲೈಬ್ರರಿಯ ಒಳಗಿನ, ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದಾದ ಸಂಪರ್ಕರೂಪ) ಮೇಲೆ ನಿಂತ ಪ್ಯಾಕೇಜ್‌ಗಳು ನಿಖರವಾಗಿ ಒಂದೇ ಆವೃತ್ತಿಗೆ ಕಟ್ಟುಬಿದ್ದಿರುತ್ತವೆ. ಆವೃತ್ತಿ ಬದಲಾದರೆ ಏಪಿಟಿ ಅವನ್ನು ತೆಗೆದುಹಾಕುವ ಪ್ರಸ್ತಾಪ ಮುಂದಿಡುತ್ತದೆ, ಪಟ್ಟಿಯನ್ನು ಓದದೆ ‘ಹೌದು’ ಒತ್ತಿದವರು ಅವನ್ನು ಕಳೆದುಕೊಳ್ಳುತ್ತಾರೆ.

ಗ್ಲಿಬ್‌ಸಿ (ಲಿನಕ್ಸ್ ಪ್ರೋಗ್ರಾಂಗಳು ನಿಂತಿರುವ ಮೂಲ ಸಿ ಲೈಬ್ರರಿ) ತೊಂದರೆ ಇದಕ್ಕೆ ಹೊಂದಿಕೊಂಡೇ ಬರುತ್ತದೆ. ಬಿಲ್ಡ್ ಆದದ್ದು ಉಬುಂಟು 24.04ರಲ್ಲಿ, ಅಲ್ಲಿ ಗ್ಲಿಬ್‌ಸಿ 2.39. 22.04ರಲ್ಲಿರುವುದು 2.35, ಡೆಬಿಯನ್ 12ರಲ್ಲಿ 2.36. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುತ್ತದೆಂಬ ಖಾತ್ರಿಯಿಲ್ಲ. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ. ಒಂದೇ ಬೈನರಿಯನ್ನು ಹಲವು ಕಡೆ ಹಂಚುವುದಾದರೆ, ಬೆಂಬಲಿಸಬೇಕಾದ ಅತಿ ಹಳೆಯ ಡಿಸ್ಟ್ರೊದಲ್ಲೇ ಕಟ್ಟಬೇಕು. ಆ್ಯಪ್‌ಇಮೇಜ್ (ಇಡೀ ಅಪ್ಲಿಕೇಶನ್ ಒಂದೇ ಕಡತವಾಗಿ ಹಂಚುವ ರೂಪ) ಕಟ್ಟುವವರಿಗೂ ಇದೇ ನಿಯಮ. ಕಂಪೈಲರ್‌ಗೆ ‘ಮಾರ್ಚ್=ನೇಟಿವ್’ ಆಯ್ಕೆ ಕೊಟ್ಟಿದ್ದರೆ ತೆಗೆಯಬೇಕು: ಬಿಲ್ಡ್ ಸರ್ವರಿನ ಹೊಸ ಪ್ರೊಸೆಸರ್‌ಗೆ ಹೊಂದಿದ ಬೈನರಿ ಹಳೆಯ ಲ್ಯಾಪ್‌ಟಾಪಿನಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ತಕ್ಷಣ ಸಾಯುತ್ತದೆ.

ಮತ್ತೆ ಕಟ್ಟಿದ್ದು

ಡೆಬ್ ಹಾದಿಯಲ್ಲೇ ಮುಂದುವರಿಯುವುದಾದರೆ ಪ್ಯಾಕೇಜ್‌ಗೆ ಬೇರೆ ಹೆಸರು, ‘ಆಪ್ಟ್’ (/opt) ಫೋಲ್ಡರಿನೊಳಗೆ ಬೇರೆ ಜಾಗ, ಅಲ್ಲೇ ತನ್ನದೇ ಕ್ಯೂಟಿ, ಇಷ್ಟೂ ಬೇಕು. ಹೆಸರಿಗೆ ‘-ಡೆವ್’ ಬಾಲ ಹಚ್ಚಬಾರದು. ಡೆಬಿಯನ್‌ನಲ್ಲಿ ಅದು ಹೆಡರ್ ಕಡತಗಳ ಪ್ಯಾಕೇಜ್ ಎಂಬ ಅರ್ಥ ಕೊಡುತ್ತದೆ. ರೆಪೊಸಿಟರಿಯ ರಿಲೀಸ್ ಕಡತದಲ್ಲಿ ‘ನಾಟ್-ಆಟೊಮ್ಯಾಟಿಕ್’, ‘ಬಟ್-ಆಟೊಮ್ಯಾಟಿಕ್-ಅಪ್‌ಗ್ರೇಡ್ಸ್’ ಎರಡಕ್ಕೂ ‘ಯೆಸ್’ ಎಂದಿಟ್ಟರೆ ಅದರ ಆದ್ಯತೆ 500ರಿಂದ 100ಕ್ಕೆ ಇಳಿಯುತ್ತದೆ. ಆಗ ಬಳಕೆದಾರರು ತಾವಾಗಿ ಕೇಳಿದ್ದು ಮಾತ್ರ ಅಲ್ಲಿಂದ ಬರುತ್ತದೆ. ಡೆಬಿಯನ್‌ನ ಬ್ಯಾಕ್‌ಪೋರ್ಟ್ಸ್ (ಸ್ಥಿರ ಡೆಬಿಯನ್‌ಗೆ ಹೊಸ ಪ್ಯಾಕೇಜ್‌ಗಳನ್ನು ಕೊಡುವ ರೆಪೊಸಿಟರಿ) ನಡೆಯುವುದೂ ಹೀಗೆಯೇ.

ಈ ಪ್ರಕರಣಕ್ಕೆ ಫ್ಲ್ಯಾಟ್‌ಪ್ಯಾಕ್ (ಬೇರೆ ಬೇರೆ ಡಿಸ್ಟ್ರೊಗಳಲ್ಲಿ ಓಡುವಂತೆ ಕಟ್ಟುವ ಪ್ಯಾಕೇಜ್ ವಿಧ) ಹೆಚ್ಚು ಹೊಂದಿತು, ಮುಖ್ಯವಾಗಿ ಕ್ಯೂಟಿಯ ಕಾರಣಕ್ಕೆ. ಕೆಡಿಇ ರನ್‌ಟೈಮ್‌ನ (ಅಪ್ಲಿಕೇಶನ್‌ಗೆ ಬೇಕಾದ ಲೈಬ್ರರಿಗಳ ಕಟ್ಟು) 6.8 ಬ್ರಾಂಚ್ ತೆಗೆದುಕೊಂಡರೆ ಕ್ಯೂಟಿ 6.8 ಅದರೊಳಗೇ ಬರುತ್ತದೆ, ಬಳಕೆದಾರರ ಡಿಸ್ಟ್ರೊ ಯಾವುದಾದರೇನು. ಡಿಸ್ಟ್ರೊದ ಲೈಬ್ರರಿಗಳನ್ನು ಅದು ಮುಟ್ಟುವುದಿಲ್ಲ.

ಇಲ್ಲೊಂದು ಆಕರ್ಷಕ ಅಡ್ಡದಾರಿ ಇದೆ: ಸ್ಥಿರ ಆವೃತ್ತಿಯ ಆ್ಯಪ್-ಐಡಿಯನ್ನೇ (ಅಪ್ಲಿಕೇಶನ್‌ನ ಗುರುತಿನ ಹೆಸರು) ಉಳಿಸಿಕೊಂಡು ‘ಬೀಟಾ’ ಬ್ರಾಂಚ್ ಹೊರಡಿಸುವುದು. ಎರಡೂ ಬ್ರಾಂಚ್ ಒಟ್ಟಿಗೆ ಕೂರುತ್ತವೆ, ನಿಜ. ಆದರೆ ಫ್ಲ್ಯಾಟ್‌ಪ್ಯಾಕ್ ಡೇಟಾ ಫೋಲ್ಡರನ್ನು ಹಂಚುವುದು ಆ್ಯಪ್-ಐಡಿಯ ಮೇಲೆ, ಬ್ರಾಂಚ್ ಮೇಲಲ್ಲ. ಹೋಮ್ ಫೋಲ್ಡರಿನ ‘.ವಾರ್/ಆ್ಯಪ್’ ಒಳಗೆ ಎರಡಕ್ಕೂ ಒಂದೇ ಜಾಗ ಸಿಗುತ್ತದೆ. 2.4 ಕೂಡ ಫ್ಲ್ಯಾಟ್‌ಪ್ಯಾಕ್ ಆಗಿರುವ ಕಡೆ ನೂರು ಪಟ್ಟಿನ ಅನಾಹುತ ಮತ್ತೆ ಅದೇ ರೀತಿ ನಡೆಯುತ್ತದೆ. ಇಂಥದೇ ಇನ್ನೊಂದು ಪ್ಯಾಕೇಜ್ ವಿಧವಾದ ಸ್ನ್ಯಾಪ್ ಇಲ್ಲಿ ಒಂದು ಹೆಜ್ಜೆ ಮುಂದಿದೆ: ಪ್ರತಿ ರಿವಿಷನ್‌ಗೂ ಬಳಕೆದಾರರ ಡೇಟಾದ ಪ್ರತ್ಯೇಕ ನಕಲು ಇಡುತ್ತದೆ, ‘ರಿವರ್ಟ್’ ಮಾಡಿದರೆ ಡೇಟಾವೂ ಹಿಂದಕ್ಕೆ ಬರುತ್ತದೆ. ಅಪ್ಲಿಕೇಶನ್ ತನ್ನ ಕಡತವನ್ನು ‘ಕಾಮನ್’ ಫೋಲ್ಡರಿನಲ್ಲಿ ಇಟ್ಟಿದ್ದರೆ ಮಾತ್ರ ಆ ರಕ್ಷಣೆ ಇಲ್ಲ.

ಹಾಗಾಗಿ ಐಡಿಯ ಕೊನೆಗೆ ‘.ಡೆವೆಲ್’ ಸೇರಿಸಿದ ಬೇರೆಯೇ ಅಪ್ಲಿಕೇಶನ್. ಗ್ನೋಮ್ ಡೆಸ್ಕ್‌ಟಾಪಿನ ನೈಟ್ಲಿ (ದಿನಕ್ಕೊಂದರಂತೆ ಕಟ್ಟುವ) ಬಿಲ್ಡ್‌ಗಳಲ್ಲೂ ಈ ರೂಢಿಯಿದೆ. ಇದಕ್ಕೆ ಮ್ಯಾನಿಫೆಸ್ಟ್‌ನಲ್ಲಿ (ಬಿಲ್ಡ್‌ನ ವಿವರ ಬರೆಯುವ ಕಡತ) ಹೆಸರು ಬದಲಿಸಿದರೆ ಸಾಲದು. ಡೆಸ್ಕ್‌ಟಾಪ್ ಕಡತ, ಐಕಾನ್, ಮೆಟಾಇನ್ಫೊ ಕಡತ ಎಲ್ಲದರ ಹೆಸರೂ ಹೊಸ ಐಡಿಯಿಂದಲೇ ಶುರುವಾಗಬೇಕು. ಇಲ್ಲದಿದ್ದರೆ ಫ್ಲ್ಯಾಟ್‌ಪ್ಯಾಕ್ ಅವನ್ನು ಹೊರಗೆ ತೋರಿಸುವುದಿಲ್ಲ, ಮೆನುವಿನಲ್ಲಿ ಅಪ್ಲಿಕೇಶನ್ ಕಾಣುವುದಿಲ್ಲ. ಐಕಾನಿನ ಬಣ್ಣ ಬೇರೆಯಿರಲಿ, ತೋರುವ ಹೆಸರಿನಲ್ಲಿ "ಪರೀಕ್ಷಾ ಆವೃತ್ತಿ" ಎಂದಿರಲಿ. ಲೆಕ್ಕದ ಕಡತಗಳಿಗೆ ತಾನೇ ಡೀಫಾಲ್ಟ್ ಎಂದು ನೋಂದಾಯಿಸಿಕೊಳ್ಳುವ ಸಾಲನ್ನು ಡೆಸ್ಕ್‌ಟಾಪ್ ಕಡತದಿಂದ ತೆಗೆಯಬೇಕು.

ಮರೆತುಹೋಗುವುದು ಡಿ-ಬಸ್ (ಅಪ್ಲಿಕೇಶನ್‌ಗಳು ಪರಸ್ಪರ ಮಾತಾಡುವ ವ್ಯವಸ್ಥೆ) ಹೆಸರು. ಜಮಾಖರ್ಚು ಎರಡು ಸಲ ತೆರೆಯದಂತೆ ನೋಡಿಕೊಳ್ಳಲು ಡಿ-ಬಸ್‌ನಲ್ಲಿ ಒಂದು ಹೆಸರು ಹಿಡಿಯುತ್ತದೆ, ಆ ಹೆಸರು ಕೋಡಿನೊಳಗೆ ನೇರವಾಗಿ ಬರೆದದ್ದು. ಸ್ಯಾಂಡ್‌ಬಾಕ್ಸ್ (ಫ್ಲ್ಯಾಟ್‌ಪ್ಯಾಕ್ ಅಪ್ಲಿಕೇಶನ್ ಸುತ್ತ ಹಾಕುವ ಬೇಲಿ) ಒಳಗಿನ ಅಪ್ಲಿಕೇಶನ್ ತನ್ನ ಐಡಿ ಮತ್ತು ಅದರಿಂದ ಶುರುವಾಗುವ ಹೆಸರುಗಳನ್ನು ಮಾತ್ರ ಹಿಡಿಯಬಹುದು. ‘.ಡೆವೆಲ್’ ಇಲ್ಲದ ಹಳೆಯ ಹೆಸರು ಕೇಳಿದರೆ ನಿರಾಕರಣೆ ಸಿಗುತ್ತದೆ, ಜಮಾಖರ್ಚು ಅದನ್ನು "ಆಗಲೇ ಒಂದು ಓಡುತ್ತಿದೆ" ಎಂದು ಅರ್ಥಮಾಡಿಕೊಂಡು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಬಳಕೆದಾರರಿಗೆ ಕಾಣುವುದು: ಐಕಾನ್ ಒತ್ತಿದರೆ ಏನೂ ಆಗುವುದಿಲ್ಲ. ಟರ್ಮಿನಲ್‌ನಿಂದ ಓಡಿಸಿದರಷ್ಟೇ ಕಾರಣ ತಿಳಿಯುತ್ತದೆ. ಹೆಸರನ್ನು ಸಿಮೇಕ್ (ಬಿಲ್ಡ್ ಉಪಕರಣ) ಆಯ್ಕೆಯಾಗಿ ಬದಲಿಸಿ, ಬಿಲ್ಡ್ ಮಾಡುವಾಗ ಕೊಟ್ಟರೆ ಸರಿಯಾಯಿತು.

ಅನುಮತಿಗಳಲ್ಲಿ ಕಿಟಕಿ ತೋರಿಸಲು ವೇಲ್ಯಾಂಡ್, ಅದಿಲ್ಲದ ಕಡೆಗೆ ಎಕ್ಸ್11, ಐಪಿಸಿ (ಪ್ರೋಗ್ರಾಂಗಳ ನಡುವಿನ ಸಂವಹನ), ಗ್ರಾಫಿಕ್ಸ್ ಸಾಕು. ನೆಟ್‌ವರ್ಕ್ ಬೇಡ. 2.4ರ ಡೇಟಾ ಫೋಲ್ಡರ್‌ಗೆ ಓದುವ ಅನುಮತಿ ಮಾತ್ರ, ಅಂದರೆ ದಾರಿಯ ಕೊನೆಗೆ ‘:ಆರ್‌ಒ’. ಮೊದಲ ಸಲ ತೆರೆದಾಗ "ಹಳೆಯ ಲೆಕ್ಕದ ನಕಲು ತರಲೇ?" ಎಂದು ಕೇಳುತ್ತದೆ. ಒಪ್ಪಿದರೆ ಮುಖ್ಯ ಕಡತ ಮತ್ತು ವಾಲ್ ಎರಡನ್ನೂ ತನ್ನ ಫೋಲ್ಡರಿಗೆ ನಕಲಿಸಿಕೊಂಡು, ಆಮೇಲೆ ಅಲ್ಲಿ ತೆರೆಯುತ್ತದೆ. ಓದಲಷ್ಟೇ ಬರುವ ಫೋಲ್ಡರಿನಲ್ಲಿ ವಾಲ್ ಕ್ರಮದ ಕಡತವನ್ನು ನೇರವಾಗಿ ತೆರೆಯಲು ಹೋದರೆ, ಎಸ್‌ಕ್ಯೂಲೈಟ್‌ಗೆ ಬೇಕಾದ ಸಹಾಯಕ ಕಡತ ಮಾಡಲಾಗದೆ ಸೋಲಬಹುದು. ಈಗ 3.0ರಲ್ಲಿ ಎಂಥ ದೋಷವಿದ್ದರೂ ಮೂಲ ಕಡತಕ್ಕೆ ಅದು ಬರೆಯಲಾರದು. ಕೋಡಿನ ಒಳ್ಳೆಯತನ ನಂಬುವ ಅಗತ್ಯವಿಲ್ಲ, ಸ್ಯಾಂಡ್‌ಬಾಕ್ಸೇ ತಡೆಯುತ್ತದೆ.

ಸೋರ್ಸ್ ಭಾಗದಲ್ಲಿ ಬ್ರಾಂಚಿನ ಹೆಸರಷ್ಟೇ ಬರೆಯದೆ ಪೂರ್ಣ ಕಮಿಟ್ ಹ್ಯಾಶ್ ಬರೆಯಬೇಕು. ಇಲ್ಲದಿದ್ದರೆ ಇಂದಿನ ಬಿಲ್ಡನ್ನು ನಾಳೆ ಮತ್ತೆ ಕಟ್ಟಲಾಗದು. ಗಿಟ್‌ಹಬ್ ತಾನಾಗಿ ತಯಾರಿಸುವ ಸಂಕುಚಿತ ಕಡತದಲ್ಲಿ ಸಬ್‌ಮಾಡ್ಯೂಲ್‌ಗಳು (ಒಳಗೆ ಜೋಡಿಸಿದ ಬೇರೆ ಪ್ರಾಜೆಕ್ಟ್‌ಗಳ ಕೋಡ್) ಇರುವುದಿಲ್ಲ, ಗಿಟ್ ಇತಿಹಾಸವೂ ಇರುವುದಿಲ್ಲ. ಗಿಟ್‌ನಿಂದಲೇ ತೆಗೆಯುವುದು ಮೇಲು. ಫ್ಲ್ಯಾಟ್‌ಪ್ಯಾಕ್-ಬಿಲ್ಡರ್ ಮಾಮೂಲಿಯಾಗಿ ಮೇಲ್ಪದರದ ಇತಿಹಾಸವನ್ನಷ್ಟೇ ತರುವುದರಿಂದ ಬಿಲ್ಡ್‌ನ ಆವೃತ್ತಿ ಹೆಸರು ಕಟ್ಟುವ ‘ಗಿಟ್ ಡಿಸ್ಕ್ರೈಬ್’ಗೆ ಟ್ಯಾಗ್ ಸಿಗದೆ, ಅಪ್ಲಿಕೇಶನ್‌ನ ‘ಕುರಿತು’ ಕಿಟಕಿಯಲ್ಲಿ ಎಲ್ಲರಿಗೂ ಬರೀ "3.0" ಎಂದು ಬರುತ್ತದೆ. ಹಾಗಾದರೆ ದೋಷ ವರದಿ ಯಾವ ಬಿಲ್ಡ್‌ನದೆಂದು ತಿಳಿಯುವುದು ಹೇಗೆ? ‘ಡಿಸೇಬಲ್-ಶ್ಯಾಲೊ-ಕ್ಲೋನ್’ ಹಾಕಬೇಕು ಅಥವಾ ದಿನಾಂಕ ಮತ್ತು ಹ್ಯಾಶನ್ನು ಬಿಲ್ಡ್ ಆಯ್ಕೆಯಾಗಿ ಕೊಡಬೇಕು. ಆ ಸಾಲಿನ ಪಕ್ಕ ‘ನಕಲಿಸು’ ಗುಂಡಿ ಇಟ್ಟರೆ ವರದಿಗಳ ಗುಣಮಟ್ಟ ಕಣ್ಣಿಗೆ ಕಾಣುವಂತೆ ಏರುತ್ತದೆ. ಬಿಲ್ಡ್ ವಿಧ ‘ರೆಲ್‌ವಿತ್‌ಡೆಬ್‌ಇನ್ಫೊ’ (ದೋಷ ಹುಡುಕಲು ಬೇಕಾದ ಡೀಬಗ್ ಮಾಹಿತಿ ಸೇರಿದ್ದು) ಇರಲಿ. ಡೀಬಗ್ ಮಾಹಿತಿ ಬೇರೆ ಎಕ್ಸ್‌ಟೆನ್ಶನ್ ಆಗಿ ಹೋಗುವುದರಿಂದ ಸಾಮಾನ್ಯರ ಡೌನ್‌ಲೋಡ್ ದೊಡ್ಡದಾಗುವುದಿಲ್ಲ.

ದಿನಕ್ಕೊಂದು ಬಿಲ್ಡ್ ಹಂಚುವುದನ್ನೂ ನಿಲ್ಲಿಸಲಾಯಿತು. ಅಭಿವೃದ್ಧಿಕಾರರಿಗೆ ನೈಟ್ಲಿ ಬೇಕು, ಮನೆಯ ಲೆಕ್ಕ ಬರೆಯುವವರಿಗಲ್ಲ. ಪರೀಕ್ಷೆಗಳೆಲ್ಲ ಪಾಸಾದ, ಕಡತದ ರೂಪ ಬದಲಿಸುವ ಕೆಲಸ ಅರ್ಧಕ್ಕೆ ನಿಂತಿರದ ಒಂದು ಕಮಿಟ್ ಆರಿಸಿ ವಾರಕ್ಕೊಮ್ಮೆ ಹೊರಡಿಸುವುದು ಈ ಜನರಿಗೆ ತಕ್ಕದ್ದು.

ಹಿಂದಿನ ವಾರದ ಬಿಲ್ಡ್‌ಗೆ ಮರಳುವ ವ್ಯವಸ್ಥೆ ಫ್ಲ್ಯಾಟ್‌ಪ್ಯಾಕ್‌ನಲ್ಲೇ ಇದೆ: ‘ರಿಮೋಟ್-ಇನ್ಫೊ’ಗೆ ‘ಲಾಗ್’ ಆಯ್ಕೆ ಕೊಟ್ಟರೆ ಹಳೆಯ ಕಮಿಟ್‌ಗಳ ಪಟ್ಟಿ ಬರುತ್ತದೆ, ‘ಅಪ್‌ಡೇಟ್’ಗೆ ಆ ಕಮಿಟ್ ಕೊಟ್ಟರೆ ಅದೇ ಬರುತ್ತದೆ, ‘ಮಾಸ್ಕ್’ ಮಾಡಿದರೆ ಮತ್ತೆ ತಾನಾಗಿ ಮೇಲೇರುವುದಿಲ್ಲ. ಆದರೆ ಹಳೆಯ ಕಮಿಟ್ ಸರ್ವರಿನಲ್ಲಿ ಉಳಿದಿದ್ದರೆ ತಾನೇ? ಜಾಗ ಉಳಿಸಲೆಂದು ಪ್ರೂನ್ ಆಳವನ್ನು (ಎಷ್ಟು ಹಳೆಯ ಬಿಲ್ಡ್ ಉಳಿಸಬೇಕೆಂಬ ಸಂಖ್ಯೆ) 0 ಇಟ್ಟರೆ ಇತ್ತೀಚಿನದೊಂದೇ ಉಳಿಯುತ್ತದೆ. ವಾರದ ಬಿಲ್ಡ್‌ಗೆ 8 ಇಟ್ಟರೆ ಎರಡು ತಿಂಗಳ ಹಿಂದಕ್ಕೆ ಹೋಗಬಹುದು; ಬದಲಾಗದ ಕಡತಗಳು ಫ್ಲ್ಯಾಟ್‌ಪ್ಯಾಕ್‌ನ ಸಂಗ್ರಹ ವ್ಯವಸ್ಥೆಯಾದ ಓಎಸ್‌ಟ್ರೀಯಲ್ಲಿ ಒಂದೇ ಸಲ ಕೂರುವುದರಿಂದ ಜಾಗ ಅಷ್ಟೇನೂ ಹಿಡಿಯದು.

ಮೊದಲೇ ಸಿಕ್ಕಿಕೊಂಡವರಿಗೆ

ಹಳೆಯ ಡೆಬ್ ಹಾಕಿಕೊಂಡವರನ್ನು ಹೊರತರುವ ಕ್ರಮ ಮುಖ್ಯ. ಮೊದಲು 3.0 ತೆರೆದು ಲೆಕ್ಕವನ್ನು ಸಿಎಸ್‌ವಿಗೆ ರಫ್ತು ಮಾಡಿ, ಡೇಟಾ ಫೋಲ್ಡರಿನ ಹೆಸರು ಬದಲಿಸಿ ಪಕ್ಕಕ್ಕಿಡಬೇಕು. ಇದಾದ ನಂತರವೇ ಪ್ಯಾಕೇಜ್ ಮುಟ್ಟಬೇಕು. ರೆಪೊಸಿಟರಿಯ ಸಾಲನ್ನು ತೆಗೆದುಹಾಕಿದರೆ ಹೊಸದೇನೂ ಬರುವುದಿಲ್ಲ, ಆದರೆ ಬಂದಿರುವುದು ತಾನಾಗಿ ಕೆಳಗಿಳಿಯುವುದೂ ಇಲ್ಲ. ಡಿಸ್ಟ್ರೊದ ರೆಪೊಸಿಟರಿಗೆ ತಾತ್ಕಾಲಿಕವಾಗಿ 1001ರ ಪಿನ್ ಆದ್ಯತೆ ಕೊಡಬೇಕು. 1000ಕ್ಕಿಂತ ಹೆಚ್ಚಿದ್ದರೆ ಮಾತ್ರ ಏಪಿಟಿ ಹಳೆಯ ಆವೃತ್ತಿಗೆ ಇಳಿಯಲು ಒಪ್ಪುತ್ತದೆ. ‘ಡಿಸ್ಟ್-ಅಪ್‌ಗ್ರೇಡ್’ ಕೊಟ್ಟರೆ ಜಮಾಖರ್ಚಿನ ಜೊತೆ ಕ್ಯೂಟಿಯೂ ಡಿಸ್ಟ್ರೊದ ಆವೃತ್ತಿಗೆ ಬರುತ್ತದೆ. ತೆಗೆಯುವ ಪಟ್ಟಿಯನ್ನು ಒಪ್ಪುವ ಮುನ್ನ ಪೂರ್ತಿ ಓದಬೇಕು, ಮುಗಿದ ಮೇಲೆ ಪಿನ್ ಕಡತವನ್ನು ಅಳಿಸಬೇಕು. ಆ ರೆಪೊಸಿಟರಿ ಪಿಪಿಎ (ಉಬುಂಟುಗಾಗಿ ಯಾರಾದರೂ ತೆರೆಯಬಹುದಾದ ಸ್ವಂತ ರೆಪೊಸಿಟರಿ) ಆಗಿದ್ದರೆ ಪ್ಯಾಕೇಜ್ ಇಳಿಸುವ ಇಷ್ಟನ್ನೂ ‘ಪಿಪಿಎ-ಪರ್ಜ್’ ಒಂದೇ ಸಲಕ್ಕೆ ಮಾಡುತ್ತದೆ. ಕೊನೆಗೆ 2.4ರಲ್ಲಿ ಹೊಸ ಕಡತ ತೆರೆದು ಸಿಎಸ್‌ವಿ ಆಮದು. 2.4ಕ್ಕೆ ಮರಳಿ, ಅದರಲ್ಲಿ ಹೊಸದಾಗಿ ಬರೆದೂ ಬಿಟ್ಟವರು ಆ ದಿನದಿಂದಾಚೆಯ ನಮೂದುಗಳನ್ನು ಕೈಯಾರೆ ತಾಳೆ ನೋಡಲೇಬೇಕು.

3.0 ಬಿಡುಗಡೆಯಾದ ದಿನ ‘.ಡೆವೆಲ್’ ಅಪ್ಲಿಕೇಶನ್‌ಗೆ ‘ಎಂಡ್-ಆಫ್-ಲೈಫ್’ ಸಂದೇಶ ಹಚ್ಚಬೇಕು. ಅಪ್‌ಡೇಟ್ ಮಾಡುವಾಗ ಅದು ಬಳಕೆದಾರರಿಗೆ ಕಾಣುತ್ತದೆ. ಸ್ಥಿರ ಐಡಿಗೆ ತಾನಾಗಿ ಸಾಗಿಸುವ ‘ರೀಬೇಸ್’ ಆಯ್ಕೆ ಇಲ್ಲಿ ಬೇಡ, ಪರೀಕ್ಷೆಯ ಲೆಕ್ಕ ಯಾವುದು, ನಿಜದ ಲೆಕ್ಕ ಯಾವುದು ಎಂದು ಬಲ್ಲವರು ಬಳಕೆದಾರರೇ. ಅನ್‌ಇನ್‌ಸ್ಟಾಲ್ ಸೂಚನೆಯಲ್ಲಿ ‘ಡಿಲೀಟ್-ಡೇಟಾ’ ಆಯ್ಕೆಯನ್ನು ಬರೆಯಬಾರದು. ಅದಿಲ್ಲದಿದ್ದರೆ ‘.ವಾರ್/ಆ್ಯಪ್’ ಒಳಗಿನ ಫೋಲ್ಡರ್ ಹಾಗೆಯೇ ಉಳಿದಿರುತ್ತದೆ, ರಫ್ತು ಮಾಡಲು ಮರೆತವರು ಮತ್ತೆ ಇನ್‌ಸ್ಟಾಲ್ ಮಾಡಿ ತೆರೆದರೆ ಅವರ ಲೆಕ್ಕ ಅಲ್ಲೇ ಇರುತ್ತದೆ.